ಮಲೆನಾಡಿನಿಂದ ಹೊರದೇಶದ ಪರವಾನಗಿಗೆ: ವಾಸ್ತುಶಿಲ್ಪಿ ತನ್ನ ಕಡತ ಕಟ್ಟಿಕೊಳ್ಳುವ ಬಗೆ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿಗಳಿಂದ ಹೋಗಿ ಬಿ.ಆರ್ಕ್ ಓದಿದವರಲ್ಲಿ ಹೊರದೇಶದ ಕೆಲಸಕ್ಕೆ ಪ್ರಯತ್ನಿಸುವವರು ಈಗ ಅಪರೂಪವೇನಲ್ಲ. ಅವರಲ್ಲಿ ಹೆಚ್ಚಿನವರ ಮೊದಲ ಪ್ರಶ್ನೆ, ದೆಹಲಿಯ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್ ಕೊಟ್ಟ ನೋಂದಣಿ ಸಂಖ್ಯೆ ಅಲ್ಲಿಯೂ ನಡೆಯುತ್ತದೆಯೇ ಎಂಬುದು. ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾ, ಕೆನಡಾಗಳ ಮಟ್ಟಿಗೆ ಹೇಳುವುದಾದರೆ, ಆ ಸಂಖ್ಯೆಯೊಂದರಿಂದಲೇ ಪರವಾನಗಿ ಸಿಗುವುದಿಲ್ಲ. ಹಾಗೆಂದು ಅದು ಕೆಲಸಕ್ಕೆ ಬಾರದ್ದೂ ಅಲ್ಲ; ಅಲ್ಲಿನ ಮಂಡಳಿಗಳು ಕೇಳುವ ಮೂರು ಸಂಗತಿಗಳಲ್ಲಿ ಒಂದಕ್ಕೆ ಅದು ಆಧಾರವಾಗುತ್ತದೆ. ಉಳಿದ ಎರಡನ್ನು ಇಲ್ಲಿಂದಲೇ, ಈಗಿರುವ ಕಚೇರಿಯಲ್ಲೇ ಹೇಗೆ ಸಿದ್ಧಪಡಿಸಿಕೊಳ್ಳಬಹುದು ಎಂಬುದು ಈ ಲೇಖನದ ವಿಷಯ.

ತೊಡಕು ಎಲ್ಲಿದೆ?

1972ರ ವಾಸ್ತುಶಿಲ್ಪಿಗಳ ಕಾಯ್ದೆಯ ಪ್ರಕಾರ, ಮಾನ್ಯತೆ ಪಡೆದ ಪದವಿ ಇದ್ದು ಭಾರತದಲ್ಲಿ ವಾಸಿಸುವ ಅಥವಾ ವೃತ್ತಿ ನಡೆಸುವ ವ್ಯಕ್ತಿ ನೋಂದಣಿಗೆ ಅರ್ಹ. ಐದು ವರ್ಷದ ಓದಿನೊಳಗೇ ಸೇರಿರುವ ಪ್ರಾಯೋಗಿಕ ತರಬೇತಿಯನ್ನು ಬಿಟ್ಟರೆ, ಪದವಿಯ ನಂತರ ಇಷ್ಟು ಕಾಲದ ಅನುಭವ ಬೇಕೆಂದಾಗಲಿ, ಪರವಾನಗಿ ಪರೀಕ್ಷೆ ಬರೆಯಬೇಕೆಂದಾಗಲಿ ಕಾಯ್ದೆ ಹೇಳುವುದಿಲ್ಲ. ಮೇಲೆ ಹೆಸರಿಸಿದ ದೇಶಗಳಾದರೋ ಪದವಿ, ಮೇಲ್ವಿಚಾರಣೆಯಲ್ಲಿ ಪಡೆದ ಅನುಭವ, ಪರೀಕ್ಷೆ ಈ ಮೂರನ್ನೂ ಒಂದಲ್ಲ ಒಂದು ರೂಪದಲ್ಲಿ ಕೇಳುತ್ತವೆ. ಪರಸ್ಪರ ಮಾನ್ಯತೆಯ ಒಪ್ಪಂದವೆಂದರೆ ಎರಡು ದೇಶಗಳ ಮಂಡಳಿಗಳು ಒಂದರ ವ್ಯವಸ್ಥೆಯನ್ನು ಇನ್ನೊಂದು ಅಳೆದು ನೋಡಿ, ಹೆಚ್ಚುಕಡಿಮೆ ಸಮವೆಂದು ಒಪ್ಪಿಕೊಳ್ಳುವುದು. ನಮ್ಮ ಕಡೆ ಎರಡು ಅಂಶಗಳು ಕಾಯ್ದೆಯಲ್ಲೇ ಇಲ್ಲದಿರುವಾಗ ಅಂಥ ಒಪ್ಪಂದ ಕಷ್ಟವಾಗುವುದು ಸಹಜ. ನಮ್ಮ ಹುಡುಗ ಹುಡುಗಿಯರ ಕೆಲಸ ಕಳಪೆಯೆಂದು ಇದರ ಅರ್ಥವಲ್ಲ. ಆ ಕೆಲಸಕ್ಕೆ ದಾಖಲೆ ಇಲ್ಲವೆಂದು ಮಾತ್ರ ಅರ್ಥ.

ಪತ್ರಿಕೆಯಲ್ಲಿ ‘ಭಾರತದೊಂದಿಗೆ ವ್ಯಾಪಾರ ಒಪ್ಪಂದ’ ಎಂಬ ಸುದ್ದಿ ಬಂದಾಗಲೆಲ್ಲ ಬಾಗಿಲು ತೆರೆಯಿತೆಂದು ಭಾವಿಸುವವರಿದ್ದಾರೆ. 2005ರಲ್ಲಿ ಭಾರತ ಮತ್ತು ಸಿಂಗಪುರ ಸಹಿ ಹಾಕಿದ ಸಮಗ್ರ ಆರ್ಥಿಕ ಸಹಕಾರ ಒಪ್ಪಂದದಲ್ಲಿ ಪರಸ್ಪರ ಮಾನ್ಯತೆಗೆ ಮಾತುಕತೆ ನಡೆಸಬೇಕಾದ ವೃತ್ತಿಗಳ ಪಟ್ಟಿಯಿತ್ತು. ಅದರಲ್ಲಿ ವಾಸ್ತುಶಿಲ್ಪವೂ ಇತ್ತು, ಶುಶ್ರೂಷೆಯೂ ಇತ್ತು. ಶುಶ್ರೂಷೆಯ ಒಪ್ಪಂದಕ್ಕೆ ಸಹಿ ಬಿದ್ದದ್ದು 2018ರಲ್ಲಿ. ಸರ್ಕಾರಗಳು ಮೇಜು ಹಾಕಿಕೊಡಬಲ್ಲವು. ಕೂತು ಮಾತಾಡಿ ಮುಗಿಸಬೇಕಾದವರು ಆಯಾ ವೃತ್ತಿಯ ಮಂಡಳಿಗಳು. ಆದ್ದರಿಂದ ಒಪ್ಪಂದಕ್ಕಾಗಿ ಕಾಯುವುದನ್ನು ಬಿಟ್ಟು, ಒಬ್ಬ ವ್ಯಕ್ತಿಯಾಗಿ ನಿಮ್ಮನ್ನು ಅಳೆಯಲು ಅವರಿಗೆ ಬೇಕಾದ ಕಡತವನ್ನು ಕಟ್ಟುವುದೇ ಲೇಸು.

ಮೊದಲ ಹೆಜ್ಜೆ: ನಿಮಗೆ ಬೇಕಿರುವುದು ಕೆಲಸವೋ, ಸಹಿಯ ಅಧಿಕಾರವೋ?

ಇವೆರಡನ್ನೂ ಬೇರೆಯಾಗಿ ನೋಡಬೇಕು. ಬ್ರಿಟನ್ನಿನಲ್ಲಿ 1997ರ ಕಾಯ್ದೆಯು ‘ಆರ್ಕಿಟೆಕ್ಟ್’ ಎಂಬ ಪದನಾಮವನ್ನು ರಕ್ಷಿಸುತ್ತದೆ; ನೋಂದಣಿ ಇಲ್ಲದವರು ಆ ಹೆಸರಿನಲ್ಲಿ ವ್ಯವಹಾರ ಮಾಡುವಂತಿಲ್ಲ. ಆದರೆ ನೋಂದಾಯಿತ ವಾಸ್ತುಶಿಲ್ಪಿಯ ಕಚೇರಿಯಲ್ಲಿ ಸಹಾಯಕರಾಗಿ ವಿನ್ಯಾಸ ಮಾಡಲು, ನಕ್ಷೆ ಬರೆಯಲು ಅಡ್ಡಿಯಿಲ್ಲ. ಅಮೆರಿಕದಲ್ಲಿಯೂ ಪರವಾನಗಿ ಇಲ್ಲದವರು ಕಚೇರಿಗಳಲ್ಲಿ ಡಿಸೈನರ್ ಎಂಬಂಥ ಹೆಸರಿನಲ್ಲಿ ವರ್ಷಗಟ್ಟಲೆ ದುಡಿಯುತ್ತಾರೆ. ಹೊರದೇಶಕ್ಕೆ ಹೋಗುವ ಮೊದಲೇ ಪರವಾನಗಿ ಕೈಯಲ್ಲಿರಬೇಕೆಂದು ಹಟ ಹಿಡಿಯುವುದು ನನ್ನ ಅಭಿಪ್ರಾಯದಲ್ಲಿ ಅನಗತ್ಯ ಖರ್ಚು. ಕಡತ ಮಾತ್ರ ಹೋಗುವ ಮೊದಲೇ ಸಿದ್ಧವಿರಬೇಕು, ಏಕೆಂದರೆ ಅಲ್ಲಿಂದ ಇಲ್ಲಿನ ಕಾಗದಗಳನ್ನು ತರಿಸುವುದು ದುಪ್ಪಟ್ಟು ಕೆಲಸ.

(ನಮ್ಮಲ್ಲಿಯೂ ಇದೇ ವ್ಯತ್ಯಾಸವಿದೆ. ಕಾಯ್ದೆಯ 37ನೇ ಪ್ರಕರಣ ಪದನಾಮದ ಬಳಕೆಯನ್ನು ನಿರ್ಬಂಧಿಸುತ್ತದೆಯೇ ಹೊರತು ವಿನ್ಯಾಸದ ಕೆಲಸವನ್ನಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಮಾರ್ಚ್‌ನಲ್ಲಿ ಸ್ಪಷ್ಟಪಡಿಸಿತು. ನಮ್ಮ ಊರುಗಳ ನಾಮಫಲಕಗಳನ್ನು ನೋಡಿದರೆ ಆ ನಿರ್ಬಂಧವನ್ನೂ ಎಲ್ಲರೂ ಗಂಭೀರವಾಗಿ ತೆಗೆದುಕೊಂಡಂತೆ ಕಾಣುವುದಿಲ್ಲ. ಆ ಮಾತು ಬೇರೆ.)

ಎರಡನೆಯ ಹೆಜ್ಜೆ: ಹೆಸರು ಒಂದೇ ಆಗಲಿ

ಇದು ಸಣ್ಣ ಸಂಗತಿಯೆಂದು ತೋರಬಹುದು. ಆದರೆ ನಮ್ಮ ಕಡೆಯ ಅರ್ಜಿದಾರರು ಹೆಚ್ಚು ತೊಂದರೆ ಪಡುವುದು ಇಲ್ಲಿಯೇ. ನಮ್ಮ ಹೆಸರುಗಳಲ್ಲಿ ಇನಿಷಿಯಲ್ ಇರುತ್ತದೆ, ಮನೆತನದ ಹೆಸರು ಇರುವುದಿಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಮಂಜುನಾಥ ಎಚ್. ಆರ್.’ ಎಂದಿರುವ ಹುಡುಗ ಪಾಸ್‌ಪೋರ್ಟಿನಲ್ಲಿ ಊರು ಮತ್ತು ತಂದೆಯ ಹೆಸರುಗಳನ್ನು ಬಿಡಿಸಿ ಬರೆದು ‘ಹೊಸಹಳ್ಳಿ ರಾಮಪ್ಪ ಮಂಜುನಾಥ’ ಆಗಿರುತ್ತಾನೆ. ಪದವಿ ಪತ್ರದಲ್ಲಿ ಮತ್ತೆ ‘ಎಚ್. ಆರ್. ಮಂಜುನಾಥ್’, ಕೌನ್ಸಿಲ್ ನೋಂದಣಿಯಲ್ಲಿ ಬೇರೆಯೇ ಕಾಗುಣಿತ. ಇವರೆಲ್ಲ ಒಬ್ಬನೇ ಎಂದು ನಮಗೆ ಓದಿದ ಕೂಡಲೇ ತಿಳಿಯುತ್ತದೆ, ಹೊರಗಿನ ಗುಮಾಸ್ತನಿಗೆ ತಿಳಿಯುವುದಿಲ್ಲ. ಪಾಸ್‌ಪೋರ್ಟಿನ ಒಂದು ಕಲಮನ್ನು ಖಾಲಿ ಬಿಟ್ಟು ಒಂಟಿ ಹೆಸರಿಟ್ಟವರ ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’, ಅಂದರೆ ಹೆಸರು ಗೊತ್ತಿಲ್ಲ ಎಂಬ ಅಕ್ಷರಗಳು ಬಂದು ಕೂರುತ್ತವೆ. ಆಮೇಲೆ ಪರೀಕ್ಷಾ ಕೇಂದ್ರದಿಂದ ಬ್ಯಾಂಕಿನವರೆಗೆ ಎಲ್ಲೆಡೆ ವಿವರಣೆ ಕೊಡುತ್ತಲೇ ಇರಬೇಕು.

ಪಾಸ್‌ಪೋರ್ಟಿನಲ್ಲಿರುವ ರೂಪವನ್ನೇ ಮೂಲವೆಂದು ಇಟ್ಟುಕೊಳ್ಳಿ. ಕೌನ್ಸಿಲ್ ನೋಂದಣಿಯನ್ನು ಅದಕ್ಕೆ ಹೊಂದಿಸಿಕೊಳ್ಳಿ. ಹೊಂದಿಸಲಾಗದ ಹಳೆಯ ಅಂಕಪಟ್ಟಿಗಳಿಗೆ, ಎಲ್ಲ ರೂಪಗಳನ್ನೂ ಹೆಸರಿಸಿ, ಇವರೆಲ್ಲ ಒಬ್ಬರೇ ಎಂದು ಘೋಷಿಸುವ ಒಂದು ಅಫಿಡವಿಟ್ಟನ್ನು ನೋಟರಿಯ ಮುಂದೆ ಮಾಡಿಸಿ, ಅದರ ಇಂಗ್ಲಿಷ್ ಪ್ರತಿಯನ್ನು ಕಡತದ ಮೊದಲ ಹಾಳೆಯಾಗಿ ಇಡಿ. ಯಾವ ಮಂಡಳಿಯಲ್ಲಾದರೂ ಖಾತೆ ತೆರೆಯುವ ಮುನ್ನ ಇದು ಮುಗಿದಿರಬೇಕು.

ಮೂರನೆಯ ಹೆಜ್ಜೆ: ಪದವಿಯ ಕಾಗದಗಳು

ನಿಮ್ಮ ಕಾಲೇಜು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಸೇರಿದ್ದರೆ ಟ್ರಾನ್ಸ್‌ಕ್ರಿಪ್ಟ್‌ಗೆ, ಅಂದರೆ ಎಲ್ಲ ಸೆಮಿಸ್ಟರ್‌ಗಳ ಅಂಕಗಳ ಅಧಿಕೃತ ದಾಖಲೆಗೆ, ನೋಡಬೇಕಾದದ್ದು ಬೆಳಗಾವಿಯ ಕಡೆಗೆ, ಕಾಲೇಜಿನ ಕಡೆಗಲ್ಲ. 1998ರಲ್ಲಿ ಆ ವಿಶ್ವವಿದ್ಯಾಲಯ ಸ್ಥಾಪನೆಯಾಗುವ ಮೊದಲು ಓದಿದವರ ದಾಖಲೆ ಆಗಿನ ವಿಶ್ವವಿದ್ಯಾಲಯದಲ್ಲಿಯೇ ಇರುತ್ತದೆ. ಮೌಲ್ಯಮಾಪನ ಮಾಡುವ ಬಹಳಷ್ಟು ಸಂಸ್ಥೆಗಳು ಅಭ್ಯರ್ಥಿಯ ಕೈಯಿಂದ ಬಂದ ಪ್ರತಿಯನ್ನು ಒಪ್ಪದೆ, ವಿಶ್ವವಿದ್ಯಾಲಯವೇ ನೇರವಾಗಿ ಕಳುಹಿಸಬೇಕೆಂದು ಕೇಳುತ್ತವೆ. ಹಾಗಾಗಿ ಮುಚ್ಚಿದ ಲಕೋಟೆ ನಿಮ್ಮ ಕೈಗೆ ಬಂದರೂ ಅದನ್ನು ಒಡೆದು ನೋಡುವ ಕುತೂಹಲ ಬೇಡ.

ಇದರ ಜೊತೆ ಎಲ್ಲ ಹತ್ತು ಸೆಮಿಸ್ಟರ್‌ಗಳ ಪಠ್ಯಕ್ರಮವನ್ನು, ನೀವು ಓದಿದ ವರ್ಷದ ಸ್ಕೀಮಿನದ್ದನ್ನೇ, ಉಳಿಸಿಕೊಳ್ಳಿ. ಅಂಕಪಟ್ಟಿಯಲ್ಲಿ ವಿಷಯದ ಹೆಸರು ಮಾತ್ರ ಇರುತ್ತದೆ. ಆ ಹೆಸರಿನಡಿ ಏನು ಕಲಿಸಿದರು, ವಾರಕ್ಕೆ ಎಷ್ಟು ಗಂಟೆ ಕಲಿಸಿದರು ಎಂಬುದನ್ನು ಪಠ್ಯಕ್ರಮವೇ ಹೇಳಬೇಕು. ಸ್ಕೀಮ್ ಬದಲಾದಂತೆ ಹಳೆಯದು ಸಿಗುವುದು ಕಷ್ಟವಾಗುತ್ತದೆ.

ಮುದ್ರೆಗಳ ವಿಚಾರ ದೇಶದಿಂದ ದೇಶಕ್ಕೆ ಬೇರೆ. ಒಂದು ದೇಶದ ದಾಖಲೆಯನ್ನು ಇನ್ನೊಂದು ದೇಶ ಒಂದೇ ದೃಢೀಕರಣ ಮುದ್ರೆಯ (ಅಪೊಸ್ಟಿಲ್) ಮೇಲೆ ಒಪ್ಪುವ ಹೇಗ್ ಒಪ್ಪಂದದಲ್ಲಿ ಭಾರತ 2005ರಿಂದ ಇದೆ. ಬ್ರಿಟನ್, ಅಮೆರಿಕ, ಆಸ್ಟ್ರೇಲಿಯಾಗಳೂ ಇವೆ, ಕೆನಡಾ 2024ರಲ್ಲಿ ಸೇರಿಕೊಂಡಿತು. ಈ ದೇಶಗಳಿಗೆ, ಕೇಳಿದಾಗ ಮಾತ್ರ, ರಾಜ್ಯ ಸರ್ಕಾರದ ನಿಯೋಜಿತ ಪ್ರಾಧಿಕಾರದ ದೃಢೀಕರಣದ ಮೇಲೆ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ ಸಾಕು. ಸಂಯುಕ್ತ ಅರಬ್ ಸಂಸ್ಥಾನ, ಕತಾರ್, ಕುವೈತ್‌ಗಳಿಗೆ ಹೋಗುವವರಿಗೆ ಅದು ಸಾಲದು, ಆಯಾ ರಾಯಭಾರ ಕಚೇರಿಯ ದೃಢೀಕರಣವೂ ಬೇಕು. ಎಲ್ಲ ಕಾಗದಕ್ಕೂ ಎಲ್ಲ ಮುದ್ರೆಯನ್ನೂ ಹಾಕಿಸಿಬಿಡಿ ಎನ್ನುವ ಏಜೆಂಟರ ಮಾತು ಅವರ ಅನುಕೂಲಕ್ಕೆ.

ನಾಲ್ಕನೆಯ ಹೆಜ್ಜೆ: ಗಂಟೆಗಳ ದಾಖಲೆ

ಹೆಚ್ಚು ಜನ ಕೈಬಿಡುವ, ಆದರೆ ಹೆಚ್ಚು ಬೆಲೆಯುಳ್ಳ ಭಾಗವಿದು. ಅಮೆರಿಕದ ರಾಷ್ಟ್ರೀಯ ಮಂಡಳಿಯಾದ ಎನ್‌ಸಿಎಆರ್‌ಬಿ ತನ್ನ ಎಎಕ್ಸ್‌ಪಿ ಎಂಬ ಅನುಭವ ಕಾರ್ಯಕ್ರಮದಲ್ಲಿ 3,740 ಗಂಟೆಗಳನ್ನು ಕೇಳುತ್ತದೆ. ಆಸ್ಟ್ರೇಲಿಯಾದ ವೃತ್ತಿ ಪರೀಕ್ಷೆಗೆ ಕೂರಲು 3,300 ಗಂಟೆಗಳ ಲಾಗ್‌ಬುಕ್ ಬೇಕು. ಸಂಖ್ಯೆಗಿಂತ ಮುಖ್ಯವಾದದ್ದು ಅದರ ಹಂಚಿಕೆ. ಎಎಕ್ಸ್‌ಪಿಯ ಗಂಟೆಗಳು ಆರು ವಿಭಾಗಗಳಲ್ಲಿವೆ: ಕಚೇರಿ ನಿರ್ವಹಣೆಗೆ 160, ಯೋಜನೆಯ ನಿರ್ವಹಣೆಗೆ 360, ಅಗತ್ಯಗಳ ವಿಶ್ಲೇಷಣೆಗೆ 260, ಯೋಜನೆ ಮತ್ತು ವಿನ್ಯಾಸಕ್ಕೆ 1,080, ಕಾಮಗಾರಿ ನಕ್ಷೆ ಮತ್ತು ವಿವರಗಳಿಗೆ 1,520, ನಿರ್ಮಾಣ ಹಂತದ ಕೆಲಸಕ್ಕೆ 360. ನಮ್ಮ ಸಣ್ಣ ಊರಿನ ಕಚೇರಿಗಳಲ್ಲಿ ಕಿರಿಯರು ಹೆಚ್ಚಾಗಿ ಮಾಡುವುದು ನಕ್ಷೆಯನ್ನು, ಜೊತೆಗೆ ಸೈಟಿನ ಓಡಾಟವನ್ನು. ಶುಲ್ಕದ ಪತ್ರ, ಕರಾರು, ಅಂದಾಜು ಪಟ್ಟಿ ಎಲ್ಲ ಹಿರಿಯರ ಮೇಜಿನಲ್ಲೇ ಉಳಿಯುತ್ತದೆ. ಆದ್ದರಿಂದ ಮೊದಲೆರಡು ವಿಭಾಗಗಳ ಕೆಲಸವನ್ನು ಕೇಳಿ ಪಡೆಯಬೇಕು. ‘ಸರ್, ಮುಂದಿನ ಕ್ಲೈಂಟಿನ ಕರಾರು ಪತ್ರದ ಕರಡನ್ನು ನಾನೇ ಬರೆಯಲೇ?’ ಎಂದು ಕೇಳಿದರೆ ಬೇಡವೆನ್ನುವ ಹಿರಿಯರು ಕಡಿಮೆ.

ದಾಖಲೆಯನ್ನು ಹೇಗೆ ಬರೆಯಬೇಕೆಂಬುದಕ್ಕೆ ಒಂದು ಉದಾಹರಣೆ. ತೀರ್ಥಹಳ್ಳಿ ಬಳಿ ಜಂಬಿಟ್ಟಿಗೆ ಗೋಡೆಯ, ಹಂಚಿನ ಮಾಡಿನ ಮನೆಯೊಂದರ ಕೆಲಸ ನಡೆದಿದೆಯೆನ್ನಿ. ‘ಸೈಟ್ ವಿಸಿಟ್, 4 ಗಂಟೆ’ ಎಂದು ಬರೆದ ಸಾಲಿನಿಂದ ಯಾವ ಮೌಲ್ಯಮಾಪಕನಿಗೂ ಏನೂ ತಿಳಿಯುವುದಿಲ್ಲ. ಅದೇ ಭೇಟಿಯನ್ನು ಹೀಗೆ ಬರೆಯಬಹುದು: ‘ನಿರ್ಮಾಣ ಹಂತ, 4 ಗಂಟೆ. ಪಡುವಣ ದಿಕ್ಕಿನ ಸೂರು ನಕ್ಷೆಯಲ್ಲಿ ತೋರಿಸಿದ್ದಕ್ಕಿಂತ ಅರ್ಧ ಅಡಿ ಕಡಿಮೆ ಚಾಚಿರುವುದನ್ನು ಅಳೆದು ಗುರುತಿಸಿದೆ. ಮಳೆಯ ಇರಚಲು ಗೋಡೆಗೆ ಹೊಡೆಯುವ ಸಾಧ್ಯತೆಯನ್ನು ಮೇಸ್ತ್ರಿ ಮತ್ತು ಮಾಲೀಕರಿಗೆ ವಿವರಿಸಿದೆ. ಪಕಾಸುಗಳನ್ನು ಬದಲಿಸುವುದೋ ಗೋಡೆಯ ಕೆಳಭಾಗಕ್ಕೆ ಗಾರೆ ಕೊಡುವುದೋ ಎಂಬ ಎರಡು ಆಯ್ಕೆಗಳ ಖರ್ಚನ್ನು ಲೆಕ್ಕ ಹಾಕಿ, ಮೇಲ್ವಿಚಾರಕರ ಒಪ್ಪಿಗೆಯ ಮೇಲೆ ಮೊದಲನೆಯದಕ್ಕೆ ಲಿಖಿತ ಸೂಚನೆ ಕೊಟ್ಟೆ.’ ಇದರಲ್ಲಿ ನಕ್ಷೆಯೊಂದಿಗೆ ಹೋಲಿಕೆ, ದೋಷದ ಗುರುತು, ವೆಚ್ಚದ ತುಲನೆ, ಲಿಖಿತ ಸೂಚನೆ ನಾಲ್ಕೂ ಇವೆ. ಆಗುಂಬೆಯ ಮಳೆ ಎಂಥದ್ದೆಂದು ತಿಳಿಯದವನಿಗೂ ಇಲ್ಲಿ ಒಬ್ಬ ವಾಸ್ತುಶಿಲ್ಪಿ ತೀರ್ಮಾನ ತೆಗೆದುಕೊಂಡಿದ್ದಾನೆ ಎಂಬುದು ಕಾಣುತ್ತದೆ. ಸೂಚನಾ ಪತ್ರದ ಪ್ರತಿಯನ್ನೂ ಸೂರಿನ ಎರಡು ಫೋಟೋಗಳನ್ನೂ ಆ ದಿನಾಂಕದಡಿ ಸೇರಿಸಿಡಿ.

ದಾಖಲೆಯನ್ನು ವಾರಕ್ಕೊಮ್ಮೆ ಬರೆಯಿರಿ, ತಿಂಗಳಿಗೊಮ್ಮೆ ಮೇಲ್ವಿಚಾರಕರ ಸಹಿ ಪಡೆಯಿರಿ. ಸಹಿಯ ಕೆಳಗೆ ಅವರ ಕೌನ್ಸಿಲ್ ನೋಂದಣಿ ಸಂಖ್ಯೆ ಇರಲಿ. ಕಚೇರಿಯ ಮುಖ್ಯಸ್ಥರು ಸಿವಿಲ್ ಎಂಜಿನಿಯರ್ ಆಗಿದ್ದರೆ, ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ಇದು ಸಾಮಾನ್ಯ, ಅವರಡಿ ಮಾಡಿದ ಕೆಲಸಕ್ಕೆ ವಾಸ್ತುಶಿಲ್ಪಿಯ ಮೇಲ್ವಿಚಾರಣೆಯ ತೂಕ ಸಿಗದು. ಎರಡು ಕೆಲಸಗಳ ನಡುವೆ ಆಯ್ಕೆಯಿದ್ದಾಗ ಸಂಬಳ ತುಸು ಕಡಿಮೆಯಾದರೂ ನೋಂದಾಯಿತ ವಾಸ್ತುಶಿಲ್ಪಿಯ ಕಚೇರಿಯನ್ನೇ ಆರಿಸಿಕೊಳ್ಳಿ.

ಯೋಜನೆಗಳ ಆಯ್ಕೆಯ ಬಗ್ಗೆಯೂ ಒಂದು ಮಾತು. ಹೊರದೇಶದ ಪರೀಕ್ಷೆಗಳು ಬೆಂಕಿಯಿಂದ ಪಾರಾಗುವ ದಾರಿ, ಅಂಗವಿಕಲರ ಪ್ರವೇಶ ಮುಂತಾದವನ್ನು ಬಹಳ ಆಳವಾಗಿ ಕೇಳುತ್ತವೆ. ತೋಟದ ಮನೆಗಳನ್ನಷ್ಟೇ ಮಾಡಿದವರಿಗೆ ಈ ಲೆಕ್ಕಗಳ ಪರಿಚಯವೇ ಇರುವುದಿಲ್ಲ. ಒಂದು ಕಲ್ಯಾಣ ಮಂಟಪದ ಕೆಲಸ ಸಿಕ್ಕರೆ ಬಿಡಬೇಡಿ: ಊಟದ ಹಾಲಿನಲ್ಲಿ ಏಕಕಾಲಕ್ಕೆ ಎಷ್ಟು ಜನ ಕೂರುತ್ತಾರೆ, ಬಾಗಿಲು ಮತ್ತು ಮೆಟ್ಟಿಲುಗಳ ಅಗಲ ಅದಕ್ಕೆ ಸಾಲುತ್ತದೆಯೇ, ಇಳಿಜಾರು ದಾರಿ ಎಲ್ಲಿಂದ ಬರಬೇಕು ಎಂಬುದನ್ನು 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಲೆಕ್ಕ ಹಾಕಿ, ಆ ಹಾಳೆಯನ್ನು ಕಡತಕ್ಕೆ ಸೇರಿಸಿ.

ಐದನೆಯ ಹೆಜ್ಜೆ: ದೇಶದ ದಾರಿ

ಅಮೆರಿಕದಲ್ಲಿ ಪರವಾನಗಿ ಕೊಡುವುದು ಕೇಂದ್ರ ಸರ್ಕಾರವಲ್ಲ. ರಾಜ್ಯಗಳು, ರಾಜಧಾನಿ ಮತ್ತು ಅಧೀನ ಪ್ರದೇಶಗಳು ಸೇರಿ 55 ಮಂಡಳಿಗಳಿವೆ. ಎನ್‌ಸಿಎಆರ್‌ಬಿ ಸ್ವತಃ ಪರವಾನಗಿ ಕೊಡುವುದಿಲ್ಲ. ಅದು ನೀಡುವ ಪ್ರಮಾಣಪತ್ರ ಒಂದು ರಾಜ್ಯದ ಪರವಾನಗಿಯಿಂದ ಇನ್ನೊಂದಕ್ಕೆ ಹೋಗಲು ನೆರವಾಗುತ್ತದೆ. ನಮ್ಮವರಿಗೆ ಮುಖ್ಯವಾಗಿ ಎರಡು ದಾರಿಗಳಿವೆ. ಒಂದು, ಇಇಎಸ್‌ಎ ಎಂಬ ಮೌಲ್ಯಮಾಪನದಿಂದ ಪದವಿಯನ್ನು ಅಲ್ಲಿನ ಶಿಕ್ಷಣ ಮಾನದಂಡಕ್ಕೆ ಹೋಲಿಸಿಕೊಂಡು ಸಾಮಾನ್ಯ ಅಭ್ಯರ್ಥಿಯಂತೆ ಮುಂದುವರಿಯುವುದು. ಆ ಮಾನದಂಡದಲ್ಲಿ ವಾಸ್ತುಶಿಲ್ಪದ ಹೊರಗಿನ ಸಾಮಾನ್ಯ ವಿಷಯಗಳಿಗೂ ಪಾಲಿರುವುದರಿಂದ, ಕೊರತೆ ಕಂಡುಬಂದರೆ ಬೇರೆ ಕೋರ್ಸ್‌ಗಳಿಂದ ತುಂಬಿಕೊಳ್ಳಬೇಕಾಗುತ್ತದೆ. ಇನ್ನೊಂದು, ಈಗಾಗಲೇ ತನ್ನ ದೇಶದಲ್ಲಿ ನೋಂದಣಿ ಇರುವ ವಿದೇಶಿ ವಾಸ್ತುಶಿಲ್ಪಿಗಳ ದಾರಿ. ಕೌನ್ಸಿಲ್ ನೋಂದಣಿ ಬೆಲೆ ಪಡೆಯುವುದು ಇಲ್ಲಿ. ಎರಡರಲ್ಲೂ ಎಎಕ್ಸ್‌ಪಿ ಗಂಟೆಗಳಿಂದಾಗಲಿ, ಅಲ್ಲಿನ ಪರವಾನಗಿ ಪರೀಕ್ಷೆಯಾದ ಎಆರ್‌ಇಯ ಆರು ವಿಭಾಗಗಳಿಂದಾಗಲಿ ವಿನಾಯಿತಿ ಇಲ್ಲ. ಎಎಕ್ಸ್‌ಪಿಯ ಸಾಮಾನ್ಯ ನಿಯಮದಂತೆ ಕನಿಷ್ಠ 1,860 ಗಂಟೆಗಳು ಅಮೆರಿಕ ಅಥವಾ ಕೆನಡಾದ ಪರವಾನಗಿ ಇರುವ ವಾಸ್ತುಶಿಲ್ಪಿಯ ಮೇಲ್ವಿಚಾರಣೆಯಲ್ಲಿ, ವಾಸ್ತುಶಿಲ್ಪ ಕಚೇರಿಯಲ್ಲಿ ಆಗಿರಬೇಕು. ಅಮೆರಿಕದ ಕಚೇರಿಗಳಿಗಾಗಿ ನಕ್ಷೆ ಮಾಡುವ ಬೆಂಗಳೂರಿನ ಸಂಸ್ಥೆಗಳಲ್ಲಿ ಕೆಲಸ ಕೇಳುವಾಗ, ನನ್ನ ಗಂಟೆಗಳಿಗೆ ಸಹಿ ಹಾಕಬಲ್ಲ ಅಲ್ಲಿನ ಪರವಾನಗಿದಾರರು ಯಾರು ಎಂಬ ಪ್ರಶ್ನೆಯನ್ನು ಸಂಬಳದ ಮಾತಿಗೆ ಮುಂಚೆ ಕೇಳಿ. ಕ್ಯಾಲಿಫೋರ್ನಿಯಾದಂಥ ರಾಜ್ಯದಲ್ಲಿ ಎಆರ್‌ಇ ಮೇಲೆ ತನ್ನದೇ ಇನ್ನೊಂದು ಪರೀಕ್ಷೆಯೂ ಇದೆ. ಆದ್ದರಿಂದ ಯಾವ ರಾಜ್ಯ ಎಂಬುದನ್ನು ಮೊದಲೇ ತೀರ್ಮಾನಿಸಿ, ಆ ಮಂಡಳಿಯ ನಿಯಮವನ್ನು ಓದಿಕೊಳ್ಳಿ.

ಬ್ರಿಟನ್ನಿನಲ್ಲಿ ನೋಂದಣಿ ಕೊಡುವುದು ಎಆರ್‌ಬಿ ಎಂಬ ಮಂಡಳಿ. ವಾಸ್ತುಶಿಲ್ಪಿಗಳ ವೃತ್ತಿ ಸಂಘವಾದ ಆರ್‌ಐಬಿಎಯ ಸದಸ್ಯತ್ವ ಅದರಿಂದ ಬೇರೆ, ಅದೊಂದಿದ್ದರೆ ಪದನಾಮ ಸಿಗುವುದಿಲ್ಲ. ಅರ್ಹತೆಯನ್ನು ಪಾರ್ಟ್ 1, ಪಾರ್ಟ್ 2, ಪಾರ್ಟ್ 3 ಎಂಬ ಮೂರು ಹಂತಗಳಾಗಿಸಿದ ಹಳೆಯ ವಿಂಗಡಣೆಯಲ್ಲಿ ಮೊದಲೆರಡಕ್ಕೆ ನಮ್ಮ ಪದವಿಯವರು ತಮ್ಮ ಕೆಲಸವನ್ನು ಮಂಡಳಿಯ ಮಾನದಂಡಗಳ ಒಂದೊಂದು ಸಾಲಿಗೂ ಹೊಂದಿಸಿ ತೋರಿಸಿ, ಪರೀಕ್ಷಕರೆದುರು ಸಂದರ್ಶನಕ್ಕೆ ಕೂರಬೇಕಿತ್ತು. ಮಂಡಳಿ ಇತ್ತೀಚೆಗೆ ಇಡೀ ಶಿಕ್ಷಣ ವ್ಯವಸ್ಥೆಯನ್ನೇ ಬದಲಿಸುತ್ತಿರುವುದರಿಂದ ಹಿಂದಿನ ಬ್ಯಾಚಿನವರ ಸಲಹೆಯನ್ನು ನೆಚ್ಚದೆ, ಅರ್ಜಿ ಹಾಕುವ ದಿನದ ನಿಯಮವನ್ನೇ ನೋಡಿ. ಆಸ್ಟ್ರೇಲಿಯಾದಲ್ಲಿ ಎಎಸಿಎ ಎಂಬ ರಾಷ್ಟ್ರೀಯ ಸಂಸ್ಥೆ ಪದವಿಯನ್ನು ಅಳೆಯುತ್ತದೆ. ಲಾಗ್‌ಬುಕ್, ಲಿಖಿತ ಪರೀಕ್ಷೆ, ಸಂದರ್ಶನ ಮುಗಿದ ಮೇಲೆ ನೋಂದಣಿ ಕೊಡುವುದು ಆಯಾ ರಾಜ್ಯದ ಮಂಡಳಿ. ವಲಸೆಗಾಗಿ ಮಾಡಿಸುವ ಕೌಶಲ ಮೌಲ್ಯಮಾಪನ ಬೇರೆ, ವೃತ್ತಿ ನೋಂದಣಿ ಬೇರೆ. ಐರೋಪ್ಯ ಒಕ್ಕೂಟದಲ್ಲಿ ಹೊರಗಿನ ಪದವಿಯನ್ನು ಒಂದು ಸದಸ್ಯ ದೇಶ ಮಾನ್ಯ ಮಾಡಿ, ಅಲ್ಲಿ ಮೂರು ವರ್ಷ ವೃತ್ತಿ ನಡೆಸಿ ಪ್ರಮಾಣಪತ್ರ ಪಡೆದ ಮೇಲೆ, ವೃತ್ತಿ ಅರ್ಹತೆಗಳ ಮಾನ್ಯತೆಯ ಕುರಿತ ಒಕ್ಕೂಟದ 2005ರ ನಿರ್ದೇಶನದಡಿ ಉಳಿದ ದೇಶಗಳಲ್ಲಿ ಮಾನ್ಯತೆ ಕೇಳಿಕೊಳ್ಳಲು ದಾರಿಯಿದೆ. ಕೊಲ್ಲಿ ರಾಷ್ಟ್ರಗಳಲ್ಲಿ ವಾಸ್ತುಶಿಲ್ಪಿಗಳನ್ನು ಎಂಜಿನಿಯರುಗಳ ಜೊತೆಯಲ್ಲೇ ನೋಂದಾಯಿಸುವುದುಂಟು. ಸಲಹಾ ಸಂಸ್ಥೆಯ ಪರವಾನಗಿಯೇ ಅಲ್ಲಿ ಮುಖ್ಯವಾದ್ದರಿಂದ ಕೆಲಸ ಕೊಡುವವರೇ ಈ ಭಾಗವನ್ನು ನಡೆಸಿಕೊಡುತ್ತಾರೆ.

ಸುತ್ತುದಾರಿಯ ಆಸೆ

ಅಮೆರಿಕ ಮತ್ತು ಬ್ರಿಟನ್ ನಡುವೆ 2023ರಲ್ಲಿ ಪರಸ್ಪರ ಮಾನ್ಯತೆಯ ಒಪ್ಪಂದ ಜಾರಿಗೆ ಬಂತು. ಅಮೆರಿಕಕ್ಕೆ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ಜೊತೆ 2017ರಿಂದಲೇ ಇದೆ. ಹಾಗಾದರೆ ಸುಲಭವೆನಿಸಿದ ಒಂದು ದೇಶದಲ್ಲಿ ನೋಂದಣಿ ಪಡೆದು, ಅಲ್ಲಿಂದ ಒಪ್ಪಂದದ ಮೇಲೆ ಇನ್ನೊಂದಕ್ಕೆ ಜಿಗಿಯಬಹುದಲ್ಲ ಎಂಬ ಯೋಚನೆ ಬರುತ್ತದೆ. ಆದರೆ ಬೇರೆ ದೇಶದ ನೋಂದಣಿಯ ಆಧಾರದ ಮೇಲೆ, ಪರಸ್ಪರ ಮಾನ್ಯತೆಯ ಮೂಲಕ ಪರವಾನಗಿ ಪಡೆದವರನ್ನು ಇಂಥ ಒಪ್ಪಂದಗಳು ಸಾಮಾನ್ಯವಾಗಿ ಹೊರಗಿಡುತ್ತವೆ. ಆ ದೇಶದ ಪೂರ್ಣ ದಾರಿಯನ್ನು, ಅಂದರೆ ಪದವಿ, ಅನುಭವ, ಪರೀಕ್ಷೆಗಳನ್ನು ಅಲ್ಲಿಯೇ ಮುಗಿಸಿದವರಿಗೆ ಜಿಗಿತ ಸಾಧ್ಯ. ಹಾಗಾಗಿ ಮೊದಲ ದೇಶವನ್ನು ಆರಿಸುವಾಗಲೇ ಮುಂದೆ ಎಲ್ಲಿಗೆ ಹೋಗುವ ಮನಸ್ಸಿದೆ ಎಂದು ಯೋಚಿಸಿ, ಆ ಎರಡು ದೇಶಗಳ ಒಪ್ಪಂದದ ಅರ್ಹತಾ ಭಾಗವನ್ನು ಒಂದು ಸಲ ಪೂರ್ತಿ ಓದಿ.

ಹೊರಗಿನಿಂದ ಮಲೆನಾಡಿಗೆ

ಹೊರದೇಶದಲ್ಲೇ ಓದಿ ಊರಿಗೆ ಮರಳಿ, ಹೊಸನಗರದಲ್ಲೋ ಕೊಪ್ಪದಲ್ಲೋ ಹೋಮ್‌ಸ್ಟೇಗಳ ವಿನ್ಯಾಸ ಮಾಡಬೇಕೆಂದಿರುವವರೂ ಇದೇ ಪ್ರಶ್ನೆಯನ್ನು ತಿರುಗಿಸಿ ಕೇಳುತ್ತಾರೆ. ವಿದೇಶದ ಪದವಿಗಳ ಮಾನ್ಯತೆ ಮತ್ತು ಪರಸ್ಪರ ಯೋಜನೆಯ ಮಾತುಕತೆಗೆ ಕಾಯ್ದೆಯ 15ನೇ ಪ್ರಕರಣ ಅವಕಾಶ ಕೊಡುತ್ತದೆ. ನಿಮ್ಮ ವಿಶ್ವವಿದ್ಯಾಲಯದ ಪದವಿ ಮಾನ್ಯ ಪಟ್ಟಿಯಲ್ಲಿದೆಯೇ ಎಂಬುದನ್ನು ಸೇರುವ ಮೊದಲೇ ಕೌನ್ಸಿಲ್‌ನಿಂದ ಲಿಖಿತವಾಗಿ ಕೇಳಿಕೊಳ್ಳಬೇಕು, ಓದಿ ಬಂದ ಮೇಲಲ್ಲ. ವಿದೇಶಿ ವಾಸ್ತುಶಿಲ್ಪಿಯೊಬ್ಬರು ಒಂದು ನಿರ್ದಿಷ್ಟ ಯೋಜನೆಗೆ ಸಲಹೆಗಾರರಾಗಿ ಬರುವುದಾದರೆ 37ನೇ ಪ್ರಕರಣದ ವಿನಾಯಿತಿಯಡಿ ಕೇಂದ್ರ ಸರ್ಕಾರದ ಪೂರ್ವಾನುಮತಿ ಬೇಕು.

ನೋಂದಣಿಯನ್ನು ಜೀವಂತ ಇಟ್ಟುಕೊಳ್ಳಿ

ಹೊರಟ ಮೇಲೆ ಕೌನ್ಸಿಲ್ ನೋಂದಣಿಯ ನವೀಕರಣವನ್ನು ಮರೆಯುವವರು ಬಹಳ. ಶುಲ್ಕ ಕಟ್ಟದಿದ್ದರೆ ಹೆಸರು ಪಟ್ಟಿಯಿಂದ ಹೋಗುತ್ತದೆ. ಆಗ ಹೊರಗಿನ ಮಂಡಳಿ ಕೇಳುವ, ನಿಮ್ಮ ನೋಂದಣಿ ಚಾಲ್ತಿಯಲ್ಲಿದೆ, ಶಿಸ್ತುಕ್ರಮ ಬಾಕಿಯಿಲ್ಲ ಎಂಬ ಪತ್ರವನ್ನು ಕೊಡಲು ಕೌನ್ಸಿಲ್‌ಗೆ ಆಧಾರವೇ ಇರುವುದಿಲ್ಲ. ಒಂದೇ ಸಲ ಕೆಲವು ವರ್ಷಗಳ ಶುಲ್ಕ ಕಟ್ಟಲು ಅವಕಾಶವಿದ್ದರೆ ಹೊರಡುವ ಮುನ್ನ ಕಟ್ಟಿಬಿಡಿ. ವಿಳಾಸವಾಗಿ ಬೆಂಗಳೂರಿನ ಬಾಡಿಗೆ ಕೋಣೆಯ ಬದಲು ಊರಿನ ಮನೆಯನ್ನು ಕೊಡಿ, ಇಮೇಲ್ ಕಚೇರಿಯದ್ದಾಗಿರದೆ ಸ್ವಂತದ್ದಾಗಿರಲಿ, ಮತ್ತು ದೆಹಲಿಯಿಂದ ಬರುವ ಲಕೋಟೆಯನ್ನು ತೆರೆದು ಫೋಟೋ ಕಳುಹಿಸುವಂತೆ ಮನೆಯಲ್ಲಿ ಯಾರಿಗಾದರೂ ಹೇಳಿ ಹೋಗಿ.